ಮುಷ್ಟಿಯೊಳಗಿನ ಕಲ್ಲು

ಮೂಗಿನ ಮುಂದೆ ಇರುವೆಯೊಂದು ಸಕ್ಕರೆ ಹರಳನ್ನು ಎಳೆಯುತ್ತಿದೆ, ಈ ಮರಳಲ್ಲಿ ಸಕ್ಕರೆ ಎಲ್ಲಿಂದ ಬಂತು, ಹಾಗಾದರೆ ಚಹಾದ ಗಾಡಿ ಹತ್ತಿರವಾಯಿತು, ರಾಧೇ ರಾಧೇ, ನೋಡಬೇಡ, ಏಳು, ಕಲ್ಲಿಟ್ಟ ಜಾಗದಲ್ಲಿ ನಿಲ್ಲು, ಕೈಮುಗಿ, ಮತ್ತೆ ಉದ್ದಕ್ಕೆ ಮಲಗು, ಗಿರಿರಾಜ ಬೆಟ್ಟದ ಸುತ್ತಿನ ದಾರಿಯನ್ನೆಲ್ಲ ಮೈಯಿಂದಲೇ ಅಳೆಯಬೇಕು, ಚಾಚಿದ ಕೈ ಮುಟ್ಟಿದಲ್ಲಿ ಕಲ್ಲು, ಕಲ್ಲಿದ್ದಲ್ಲಿ ಕಾಲು, ಒಂದು ಗೇಣೂ ಬಿಡುವಂತಿಲ್ಲ, ಕಲ್ಲು ಅಂಗಳದಲ್ಲಿ ಮಗಳು ಆರಿಸಿಕೊಟ್ಟದ್ದು, ಹೆಂಡತಿ ಶರಬತಿ ಹೇಳಿದ್ದಳು — ನಡೆದು ಸುತ್ತಿದರೆ ಕಣ್ಣುಮುಚ್ಚಿ ಓಡಿ ದಾಟಿಬಿಡ್ತೀಯಾ, ಮನೆಗೆ ಬಂದು ಮತ್ತೆ ಕುಡೀತೀಯಾ, ಈ ಸಲ ಮಲಗಿ ಮಲಗಿ ದಾಟು, ಸುತ್ತು ಮುಗಿಯೋ ದಿನ ಮಾನಸಿ ಗಂಗೆ ಕೊಳದ ಮೆಟ್ಟಿಲ ಮೇಲೆ ಮಗಳ ಜೊತೆ ಕೂತಿರ್ತೀನಿ, ಮೊದಲು ನಿನ್ನ ಬಾಯಿ ಮೂಸಿ ನೋಡ್ತೀನಿ, ಆಮೇಲೆ ಮನೆ ಮಾತು, ಇಲ್ಲಾಂದ್ರೆ ನಾವಿಬ್ಬರೂ ಅಣ್ಣನ ಮನೆಗೆ, ನೀನು ನಿನ್ನ ಬಾಟಲಿ ಮನೆಗೆ — ರಾಧೇ ರಾಧೇ, ಜ್ಯೇಷ್ಠದ ಮರಳು ಎದೆ ಹುರಿಯುತ್ತಿದೆ, ತಪ್ಪು ನನ್ನದೇ, ಬೆಳಿಗ್ಗೆ ಬೇವಿನ ಸಾಲು ಕಂಡು ಅತ್ತ ಸರಿದೆ, ಒಂದು ಮೊಳ ನೆರಳಿನ ಆಸೆ, ಅಷ್ಟೆ, ಆ ನೆರಳೇ ನನ್ನನ್ನು ಲಖನನ ಗಾಡಿಯ ಬುಡಕ್ಕೆ ತಂದು ಹಾಕಿತು, ಮೇಲೆ ಚಹಾ, ಕೆಳಗೆ ಗೋಣಿಯ ಹಿಂದೆ ಕಳ್ಳ ಸಾರಾಯಿ, ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ, ನಾಲಿಗೆಯ ಬುಡದಲ್ಲಿ ನೀರು ನನ್ನನ್ನು ಕೇಳಿ ಊರುವುದಿಲ್ಲ, ನಾಮ ಹೇಳುತ್ತಿರುವುದೂ ಇದೇ ನಾಲಿಗೆ, ರಾಧೇ — ಏ ಭೀಕಮಾ, ಮೊಸಳೆ ಥರ ಎಲ್ಲಿಗಪ್ಪಾ ಸವಾರಿ, ಲಖನನ ನಗು, ಅವನ ಒಡೆದ ಹಿಮ್ಮಡಿ, ಅವತ್ತು ಕುಡಿದು ಕಾಲುವೆಗೆ ಬಿದ್ದಾಗ ನನ್ನನ್ನು ಎತ್ತಿದವನೂ ಇವನೇ, ಸುಸ್ತಾಗಿದೀಯಾ, ಒಂದೇ ಗುಟುಕು, ಔಷಧಿ ಅಂದ್ಕೊ, ಗಿರಿರಾಜಂಗೆ ನಾನು ಹೇಳ್ಕೊತೀನಿ — ಯಾರೋ ಹೆಂಗಸು ಹಿಂದಿನಿಂದ ನನ್ನ ಅಂಗಾಲು ಮುಟ್ಟಿದಳು, ಬಾಬಾ, ನನ್ನ ಗಂಡ ಕುಡಿಯೋದು ಬಿಡ್ಲಿ ಅಂತ ಆಶೀರ್ವಾದ ಮಾಡಿ, ಅಮ್ಮಾ ಮುಟ್ಟಬೇಡ, ಹೇಳಲು ಬಾಯಿ ತೆರೆದರೆ ಬೇರೇನೋ ಕೇಳಿಬಿಡುತ್ತೇನೆ, ಬಳೆ ಸದ್ದು ದೂರವಾಯಿತು, ಗಿರಿಧಾರಿ, ಬೆಟ್ಟವನ್ನೇ ಕಿರುಬೆರಳಲ್ಲಿ ಎತ್ತಿದವನೇ, ನನ್ನ ಈ ಒಂದು ಕೈ ಹಿಡಿದುಕೋ, ಕೈ ಪೂರ್ತಿ ಚಾಚಿದೆ, ಬೆರಳ ಗೆಣ್ಣಿಗೆ ತಣ್ಣಗೆ ಏನೋ ತಾಗಿತು, ಗಾಜು, ಬಾಟಲಿ, ಲಖನ ಸರಿಯಾಗಿ ಅಲ್ಲೇ ತಂದಿಟ್ಟಿದ್ದಾನೆ, ನನ್ನ ಮೈಯಳತೆ ನನಗಿಂತ ಅವನಿಗೆ ಚೆನ್ನಾಗಿ ಗೊತ್ತು, ಮುಂದೆ ಹೋಗಬೇಕಾದರೆ ಕಲ್ಲಿಡಬೇಕು, ಕಲ್ಲಿಡಬೇಕಾದರೆ ಮುಷ್ಟಿ ಬಿಚ್ಚಬೇಕು, ಬಿಚ್ಚಿದ ಕೈ ಖಾಲಿ, ಖಾಲಿ ಕೈ ಏನನ್ನು ಹಿಡಿಯುತ್ತದೆಂದು ನನಗೆ ಗೊತ್ತು, ಮೆಟ್ಟಿಲ ಮೇಲೆ ಮಗಳು, ರಾಧೇ, ಏಳೋ ಮಹಾರಾಯ, ಎಷ್ಟು ಹೊತ್ತು ಹೀಗೇ ಬಿದ್ಕೊಂಡಿರ್ತೀಯಾ, ಲಖನನ ದನಿ, ನೆರಳು ಸರಿಯಿತು, ಬಿಸಿಲು ಬೆನ್ನೇರಿತು, ಬೆವರಿಗೆ ಕಲ್ಲು ಒದ್ದೆಯಾಗಿದೆ, ಅದರ ಮೂಲೆ ಅಂಗೈಗೆ ಇಳಿಯುತ್ತಿದೆ, ಇಳಿಯಲಿ, ರಾಧೇ, ಬಿಚ್ಚಬೇಡ, ಮುಷ್ಟಿ, ಮುಷ್ಟಿಯೊಳಗೆ ಕಲ್ಲು, ಕಲ್ಲು —