ಡೋರಿಸಳ ತಲೆಗಿಳಿದ ನೀರು

ವ್ಯಾಪಾರಿಗಳನ್ನು ಆನ್‌ಲೈನ್ ಬಳಗಕ್ಕೆ ಕರೆತಂದು ಕೂರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ. ಒಬ್ಬ ಕೂತ ಅನ್ನುವಷ್ಟರಲ್ಲಿ ಇನ್ನೊಬ್ಬ ನೆಗೆದಿರುತ್ತಾನೆ. ಸ್ಕಿಪ್ಟನ್ ಊರಿನ ಬೆರಿಲ್ ಆರು ವರ್ಷದಿಂದ ಈ ಪಾಡು ಪಡುತ್ತಿದ್ದಳು. ಮೂರ್‌ಲ್ಯಾಂಡರ್ ಮೋಟರ್‌ಹೋಮ್, ಅಂದರೆ ಒಳಗೇ ಉಂಡು ಮಲಗಬಹುದಾದ ಮನೆಗಾಡಿ, ಅದರ ಮಾಲೀಕರ ಬಳಗಕ್ಕೆ ಅವಳೇ ಯಜಮಾನಿ. ಬ್ಯಾಟರಿ ಮಾರುವವರು ಬಂದರು, ಜಾಹೀರಾತು ಅಂಟಿಸಿದರು. ಪ್ರಶ್ನೆ ಕೇಳಿದರೆ ಪತ್ತೆಯೇ ಇಲ್ಲ, ದಂಡಪಿಂಡಗಳು.

ಅವಳಿಗೆ ನಿಜವಾಗಿ ಬೇಕಾಗಿದ್ದವನು ಒಬ್ಬನೇ, ವೇಲ್ಸಿನ ಎಮ್ಲಿನ್ ಪ್ರಾಸರ್. ಮೂರ್‌ಲ್ಯಾಂಡರ್ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಅದರ ಚಾವಣಿ ಕಿಟಕಿಗೆ ಹಾಕುವ ರಬ್ಬರ್ ಪಟ್ಟಿಯ ಅಚ್ಚು ಉಳಿದಿದ್ದುದು ಆ ಮುದುಕನ ಶೆಡ್ಡಿನಲ್ಲಿ ಮಾತ್ರ. ಕೇಳುವವರಿಲ್ಲವೆಂದು ಶುಕ್ರವಾರ ಅದನ್ನು ಗುಜರಿಗೆ ಹಾಕುವವನಿದ್ದ. ಅದು ಹೋಯಿತೋ, ಬೆರಿಲಳದೂ ಸೇರಿ ನಾನೂರು ಗಾಡಿಗಳು ಮಳೆಯಲ್ಲಿ ಕೊಳೆಯುವುದೇ ಸೈ.

"ಒಂದ್ಸಲ ಬಂದು ನೋಡ್ರೀ, ಕೇಳೋರು ಎಷ್ಟು ಜನ ಇದ್ದಾರೆ ಅಂತ," ಎಂದು ಫೋನಿನಲ್ಲಿ ಗೋಗರೆದಳು.

"ನಂಗೆ ಈ ಕಂಪ್ಯೂಟರ್ ಗಿಂಪ್ಯೂಟರ್ ಬರಲ್ಲಮ್ಮಾ. ಆದ್ರೆ ನೀನು ಬಿಡೋ ಪೈಕಿ ಅಲ್ಲ. ಬರ್ತೀನಿ."

ಬುಧವಾರ ಬಳಗಕ್ಕೆ ಬಂದ. ಬೆರಿಲ್, ಪೆದ್ದಿ, ಒಂದು ಮಾತು ಹೇಳುವುದನ್ನೇ ಮರೆತಿದ್ದಳು. ಈ ಜನ ಗಾಡಿಗಳಿಗೆ ಹೆಸರಿಟ್ಟು ಮನೆಯವರ ಹಾಗೆಯೇ ಮಾತಾಡುತ್ತಾರೆ.

ಎಮ್ಲಿನ್ ಕಣ್ಣಿಗೆ ಮೊದಲು ಬಿದ್ದದ್ದು ಕ್ಲೈವ್ ಎಂಬುವನ ಬರಹ: "ನಮ್ಮ ಡೋರಿಸ್ ಮೂವತ್ತು ವರ್ಷದಿಂದ ಜೊತೆಗಿದ್ದಾಳೆ. ಈಗ ತಲೆಗೆ ನೀರು ಇಳೀತಿದೆ. ಕದಲಿದ್ರೆ ನರಳ್ತಾಳೆ. ಇಟ್ಕೊಳ್ಳಲಾ, ಕೈ ಬಿಡಲಾ?"

ಎಮ್ಲಿನ್ ಉತ್ತರಿಸಿದ: "ಸ್ವಾಮೀ, ಕೈ ಬಿಡಬೇಡಿ. ನನ್ನ ಹೆಂಡ್ತಿಗೂ ತಲೇಲಿ ನೀರು ತುಂಬಿತ್ತು. ನಡಿಗೆ ತಪ್ತು, ಮರೆವು ಬಂತು. ವಯಸ್ಸಾಯ್ತಲ್ಲ ಅಂತ ಸುಮ್ನಿದ್ದೆ. ತಪ್ಪು ಮಾಡ್ದೆ. ಇವತ್ತೇ ಡಾಕ್ಟರಿಗೆ ತೋರಿಸಿ."

"ಡೋರಿಸ್ ಗಾಡಿ ಕಣೋ ತಾತ! ಡೀಸೆಲ್ ಕುಡೀತಾಳೆ!" ಎಂದ ಒಬ್ಬ. ಇಪ್ಪತ್ತು ಜನ ನಕ್ಕರು. ಸಂಜೆಯೊಳಗೆ ಎಮ್ಲಿನ್ ಹೆಸರು ಬಳಗದಿಂದ ಮಾಯವಾಗಿತ್ತು.

ಬೆರಿಲಳಿಗೆ ಮೈಯೆಲ್ಲ ಉರಿಯಿತು. "ಹಲ್ಲು ಕಿರಿದಿದ್ದು ಸಾಕು. ಅವರು ಬರೆದಿದ್ದನ್ನ ಇನ್ನೊಂದ್ಸಲ ಓದಿ," ಎಂದು ಬರೆದಳು. ಆಮೇಲೆ ಯಾರೂ ನಗಲಿಲ್ಲ.

ಎಮ್ಲಿನ್ ಗುರುವಾರ ಮಧ್ಯಾಹ್ನದವರೆಗೂ ಬೆರಿಲಳ ಫೋನ್ ಎತ್ತಲಿಲ್ಲ. ಎತ್ತಿದಾಗ, ಅಚ್ಚಿನ ಬಗ್ಗೆ ಉರುಹೊಡೆದಿದ್ದ ಮಾತನ್ನೆಲ್ಲ ಅವಳು ಬದಿಗಿಟ್ಟಳು.

"ನಿಮ್ಮ ಹೆಂಡ್ತಿ ಹೆಸರೇನು?" ಎಂದಳು.

"ಓಲ್ವೆನ್."

ಮುಕ್ಕಾಲು ಗಂಟೆ ಓಲ್ವೆನಳದೇ ಮಾತು. ಅವಳು ಪ್ರಾರ್ಥನಾ ಮಂದಿರದಲ್ಲಿ ರಾಗ ತಪ್ಪಿ ಹಾಡುತ್ತಿದ್ದುದು, ಕೊನೆಗೆ ಮನೆಯ ದಾರಿ ಮರೆತದ್ದು. ಬೆರಿಲ್ ಹ್ಞೂಂಗುಟ್ಟುತ್ತ ಕೇಳಿದಳು.

"ಅಚ್ಚಿನ ವಿಷಯ ಎತ್ತಲೇ ಇಲ್ವಲ್ಲಮ್ಮಾ?"

"ಇವತ್ತು ಬೇಡ ಬಿಡಿ."

"ಆ ಕ್ಲೈವ್ ಹೇಗೋ ನಂಬರು ಹುಡುಕಿ ಬೆಳಿಗ್ಗೆ ಫೋನ್ ಮಾಡಿದ್ದ. ತಪ್ಪಾಯ್ತು ಅಂದ. ಆಮೇಲೆ ಅತ್ತ. ಅವನ ಹೆಂಡ್ತೀನೂ ಹಂಗೇ ನಡೀತಾಳಂತೆ, ಕಾಲು ಎಳ್ಕೊಂಡು. ಮರೀತಾಳಂತೆ. ಇವನೂ ನನ್ನ ಹಂಗೇ ಸುಮ್ನಿದ್ದಾನೆ, ಮುಠ್ಠಾಳ. ಸೋಮವಾರ ಡಾಕ್ಟರ ಹತ್ರ ಹೋಗ್ತಾರಂತೆ."

ಬೆರಿಲಳಿಗೆ ಅಳು ತಡೆಯಲಾಗಲಿಲ್ಲ.

"ಅಳಬೇಡಮ್ಮಾ," ಎಂದ ಎಮ್ಲಿನ್. "ಗುಜರಿಯವನಿಗೆ ಬರಬೇಡ ಅಂದಿದ್ದೀನಿ. ಅದಿರ್ಲಿ, ನನ್ನನ್ನ ಮತ್ತೆ ಒಳಗೆ ಸೇರಿಸ್ಕೋ. ಅಲ್ಲಿ ಇನ್ನೂ ಯಾರ್ಯಾರು ಸುಮ್ನಿದ್ದಾರೋ."