ತೆಗೆದುಹಾಕಿದ ಹದಿನಾಲ್ಕು ಅಳತೆಗಳು

ಪ್ರಾಕ್ಟಿಕಲ್ ಪರೀಕ್ಷೆಗೆ ಬರುವ ಎಕ್ಸಾಮಿನರುಗಳು ರೆಕಾರ್ಡ್ ಪುಸ್ತಕವನ್ನು ಹಿಂದಿನಿಂದ ಓದುತ್ತಾರೆ. ಮೊದಲು ಕೊನೆಯ ಸಾಲಿನ ಉತ್ತರ, ಅದು ಸರಿಯಿದ್ದರೆ ಒಂದು ರೈಟ್ ಮಾರ್ಕು, ಆಮೇಲೆ ಟೀ. ನಡುವೆ ಇರುವ ಅಳತೆಗಳ ಕೋಷ್ಟಕವನ್ನು ಕಣ್ಣಿಟ್ಟು ಓದಿದ ಪುಣ್ಯಾತ್ಮರನ್ನು ಯಮುನಾ ತನ್ನ ಇಷ್ಟು ವರ್ಷದ ಪಾಠದಲ್ಲಿ ಕಂಡಿರಲಿಲ್ಲ. ಹಾಗಾಗಿ ಅವಳೂ ಹುಡುಗಿಯರಿಗೆ ಕೊನೆಯ ಸಾಲನ್ನೇ ಮೊದಲು ಕಲಿಸುತ್ತಿದ್ದಳು. ಕೈಬಿಟ್ಟ ವಸ್ತು ಕೆಳಗೆ ಬೀಳುವಾಗ ಪ್ರತಿ ಸೆಕೆಂಡಿಗೆ ಎಷ್ಟು ವೇಗ ಕೂಡಿಸಿಕೊಳ್ಳುತ್ತದೆ ಎಂಬ ಗುರುತ್ವದ ಲೆಕ್ಕಕ್ಕೆ 'ಜಿ' ಎಂದು ಹೆಸರು. ಅದರ ಬೆಲೆ 9.81. ಯಮುನಾಳಿಗೆ ಅದು ಅಪ್ಪನ ಫೋನ್ ನಂಬರಿನ ಹಾಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು.

ಅವಳು ಗರುಡಾಚಾರ್‌ಪಾಳ್ಯದವಳು. ಅಪ್ಪ ಮುನಿಆಂಜನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆಗೆ ಕೊಟ್ಟ ಶೆಡ್ಡುಗಳಿವೆ. ಆ ಮನೆತನದಲ್ಲಿ ಕಾಲೇಜಿನಲ್ಲಿ ಪಾಠ ಮಾಡುವವಳು ಅವಳೊಬ್ಬಳೇ, ಬೀದಿಯವರೆಲ್ಲ 'ಮಿಸ್ಸು' ಎಂದೇ ಕರೆಯುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಅವಳು ಕೆಟ್ಟವಳಲ್ಲ, ಸೋಮಾರಿಯೂ ಅಲ್ಲ. ಆದರೆ ತಪ್ಪು ಮಾಡುವುದಕ್ಕಿಂತ ತಪ್ಪು ಮಾಡಿದವಳಂತೆ ಕಾಣುವುದಕ್ಕೆ ಹೆಚ್ಚು ಹೆದರುತ್ತಿದ್ದಳು.

ಅವಳು ಕಲಿಸುವ ಹೆಣ್ಣುಮಕ್ಕಳ ಕಾಲೇಜು ಶಿವಾಜಿನಗರದ ಒಂದು ಹಳೆಯ ಕಟ್ಟಡದಲ್ಲಿದೆ. ಎತ್ತರದ ಚಾವಣಿ, ಮಧ್ಯದಲ್ಲಿ ಸುತ್ತಿ ಹತ್ತುವ ಮೆಟ್ಟಿಲು. ಆ ವರ್ಷ ಕೊನೆಯ ವರ್ಷದ ಬಿಎಸ್ಸಿಯಲ್ಲಿದ್ದ ಅಂಬ್ರೀನ್ ಎಂಬ ಹುಡುಗಿ ಮೇಲಿನ ಕಟಕಟೆಯಿಂದ ಉದ್ದನೆಯ ತಂತಿ ಇಳಿಬಿಟ್ಟು, ತುದಿಗೆ ಹಿತ್ತಾಳೆಯ ಗುಂಡು ಕಟ್ಟಿ, ಮೆಟ್ಟಿಲುಗಳ ನಡುವಿನ ಇಡೀ ಖಾಲಿ ಜಾಗವನ್ನೇ ಜಿ ಅಳೆಯುವ ಒಂದು ಲೋಲಕ ಮಾಡಿಬಿಟ್ಟಳು. ತಂತಿ ಉದ್ದವಿದ್ದಷ್ಟೂ ತೂಗಾಟ ನಿಧಾನ, ಸಮಯ ಅಳೆಯುವಾಗ ತಪ್ಪು ಕಡಿಮೆ. ಕ್ಲಾಸು ಮುಗಿದ ಮೇಲೆ ಓಡಾಟ ನಿಂತಾಗ ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದಳು. ಗಾಳಿಗೆ ಗುಂಡು ಅಲುಗಾಡದಿರಲಿ ಎಂದು ಕಿಟಕಿಗಳಿಗೆ ಹಳೆಯ ಬೆಡ್‌ಶೀಟು ಕಟ್ಟಿದ್ದಳು. ಪ್ರಿನ್ಸಿಪಾಲರು ಬೈದರು, ಯಮುನಾ ಹೇಗೋ ಸಮಾಧಾನ ಮಾಡಿದಳು.

ಇಷ್ಟೆಲ್ಲ ಪಾಡು ಇಂದಿರಾನಗರದ ಕಾಲೇಜೊಂದರಲ್ಲಿ ನಡೆಯುವ ಅಂತರಕಾಲೇಜು ಸ್ಪರ್ಧೆಗಾಗಿ. ಸ್ವಂತ ಪ್ರಯೋಗ ಮಾಡಿ ಫಲಿತಾಂಶವನ್ನು ಸಭೆಯ ಮುಂದೆ ಮಂಡಿಸಬೇಕು. ಗೆದ್ದವರಿಗೆ ಬೇಸಿಗೆಯಲ್ಲಿ ಪ್ರೊಫೆಸರ್ ಸುಗತ ಅವರ ಸಂಶೋಧನಾ ಲ್ಯಾಬಿನಲ್ಲಿ ಕೆಲಸ ಮಾಡುವ ಅವಕಾಶ. ಅಂಬ್ರೀನ್‌ಗೆ ಅದು ಬೇಕೇ ಬೇಕಾಗಿತ್ತು. ಅಲ್ಲಿ ಒಮ್ಮೆ ಕಾಲಿಟ್ಟರೆ ಎಂಎಸ್ಸಿಯ ದಾರಿ ತೆರೆಯುತ್ತದೆ ಎಂದು ಅವಳಿಗೂ ಗೊತ್ತಿತ್ತು, ಯಮುನಾಳಿಗೂ ಗೊತ್ತಿತ್ತು.

ಸ್ಪರ್ಧೆಗೆ ಒಂದು ವಾರವಿರುವಾಗ ಅಂಬ್ರೀನ್ ಫಲಿತಾಂಶ ತಂದು ತೋರಿಸಿದಳು. ಇಪ್ಪತ್ತು ಅಳತೆ, ಸರಾಸರಿ 9.78. ತಪ್ಪಿನ ಅಂದಾಜು ಆ ಕಡೆ ಈ ಕಡೆ 0.01.

"ಏನಮ್ಮಾ ಇದು? 9.81 ಬರ್ಬೇಕಲ್ವಾ?"

"ಬರ್ತಿಲ್ಲ ಮ್ಯಾಮ್. ತಂತಿ ಮತ್ತೆ ಅಳೆದೆ, ವಾಚೂ ಚೆಕ್ ಮಾಡ್ದೆ. ನನ್ನ ಎರರ್ ಎಷ್ಟು ಎಳೆದ್ರೂ 9.81 ಅದರೊಳಗೆ ಸಿಗ್ತಾನೇ ಇಲ್ಲ."

"ಹಂಗಾದ್ರೆ ನಿಂದು ಸರಿ, ಬುಕ್ಕು ತಪ್ಪಾ?"

ಅಂಬ್ರೀನ್ ನಕ್ಕಳು. ಯಮುನಾ ನಗಲಿಲ್ಲ. ಕೋಷ್ಟಕದ ಮೇಲೆ ಬೆರಳಾಡಿಸಿ, 9.80ರಿಂದ ಮೇಲಿದ್ದ ಅಳತೆಗಳಿಗೆ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತ ಹೋದಳು. ಆರು ಸಿಕ್ಕವು.

"ನೋಡು, ಇವು ಚೆನ್ನಾಗಿ ಬಂದಿವೆ. ಉಳಿದಿದ್ರಲ್ಲಿ ವಾಚ್ ಒತ್ತೋಕೆ ಕೈ ತಡವಾಗಿರತ್ತೆ. ಅವನ್ನ ಬಿಟ್ಬಿಡು."

"ಎಲ್ಲಾ ಒಂದೇ ಥರ ತಗೊಂಡಿದೀನಿ ಮ್ಯಾಮ್. ಹದಿನಾಲ್ಕು ಹೆಂಗೆ ಬಿಡೋದು?"

"ಅಂಬ್ರೀನ್, ಅಲ್ಲಿ ಬೇರೆ ಕಾಲೇಜಿನವರೆಲ್ಲಾ ಕರೆಕ್ಟ್ ವ್ಯಾಲ್ಯೂ ತೋರಿಸ್ತಾರೆ. ನೀನೊಬ್ಳು 9.78 ಅಂತ ನಿಂತ್ಕೊಂಡ್ರೆ ನಗ್ತಾರೆ. ನಂಗೊತ್ತು, ಮಾಡು."

ಅಂಬ್ರೀನ್ "ಸರಿ ಮ್ಯಾಮ್" ಎಂದಳು. ಆರು ಅಳತೆಗಳ ಸರಾಸರಿ ಸರಿಯಾಗಿ 9.81 ಬಂತು. ಒಂದಕ್ಕೊಂದು ಹತ್ತಿರವಿದ್ದವನ್ನೇ ಆರಿಸಿದ್ದರಿಂದ ತಪ್ಪಿನ ಅಂದಾಜು ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ನಿಜಕ್ಕಿಂತ ಸುಳ್ಳು ನೋಡುವುದಕ್ಕೆ ಯಾವಾಗಲೂ ಒಂದು ಕೈ ಹೆಚ್ಚೇ ಅಂದ. ಸ್ಲೈಡು ನೋಡಿ ಯಮುನಾಳಿಗೆ ಖುಷಿಯಾಯಿತು.

ಸ್ಪರ್ಧೆಯ ದಿನ ಅಂಬ್ರೀನಳ ತಂದೆ ಚಾಂದ್ ಪಾಷಾ ಅಂಗಡಿ ಮುಚ್ಚಿ ಬಂದಿದ್ದರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರದು ಕುಕ್ಕರ್, ಮಿಕ್ಸಿ ರಿಪೇರಿ. ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಕಾಲೇಜಿನ ಹೊಸ್ತಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಿಂತಿದ್ದವರನ್ನು ಯಮುನಾಳೇ ಒಳಗೆ ಕರೆದು, ಮೂರನೇ ಸಾಲಿನಲ್ಲಿ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

"ನಂಗೆ ಇದೆಲ್ಲಾ ಅರ್ಥ ಆಗಲ್ಲ ಮೇಡಮ್. ನೀವು ಹೇಳ್ಕೊಡಿ," ಎಂದರು.

"ನಿಮ್ಮ ಮಗಳು ಫಸ್ಟ್ ಬರ್ತಾಳೆ, ನೋಡ್ತಾ ಇರಿ," ಎಂದಳು ಯಮುನಾ.

ಅಂಬ್ರೀನ್ ಚೆನ್ನಾಗಿಯೇ ಮಾತಾಡಿದಳು. ಕೊನೆಯ ಸ್ಲೈಡಿನಲ್ಲಿ 9.81 ಬಂದಾಗ ಮಾತ್ರ ಅವಳ ದನಿ ಸಣ್ಣದಾಯಿತು. ತೀರ್ಪುಗಾರರ ಕುರ್ಚಿಯಲ್ಲಿದ್ದ ಪ್ರೊಫೆಸರ್ ಸುಗತ ಕನ್ನಡಕ ತೆಗೆದು ಒರೆಸಿಕೊಂಡರು.

"ಎಲ್ಲಿ ಮಾಡಿದ್ದಮ್ಮಾ ಈ ಪ್ರಯೋಗ?"

"ಶಿವಾಜಿನಗರದಲ್ಲಿ ಸರ್."

"ಇದು ಲಂಡನ್ ಜಿ ಕಣಮ್ಮಾ. ನಾವಿರೋದು ಭೂಮಧ್ಯರೇಖೆ ಹತ್ರ, ಅದೂ ಗುಡ್ಡದ ಮೇಲೆ. ಬೆಂಗಳೂರಲ್ಲಿ 9.78 ಬರ್ಬೇಕು. ಶಿವಾಜಿನಗರದಲ್ಲಿ ಕೂತು ಲಂಡನ್ನು ಅಳೆದಿದ್ದೀಯಲ್ಲ, ತಂತಿ ಭಾರಿ ಉದ್ದ ಇರ್ಬೇಕು!"

ಹಾಲ್ ತುಂಬ ನಗು. ಯಮುನಾಳ ಕಿವಿಯೊಳಗೆ ಕುಕ್ಕರು ಕೂಗಿದಂತಾಯಿತು. ಮೇಲಕ್ಕೆ ಹೋದಂತೆ ಜಿ ಕಡಿಮೆ, ಭೂಮಧ್ಯರೇಖೆಯ ಕಡೆಗೆ ಬಂದಂತೆ ಕಡಿಮೆ. ಇದನ್ನು ಅವಳೇ ಪ್ರತಿ ವರ್ಷ ಪಾಠ ಮಾಡುತ್ತಿದ್ದಳು, ಅದರ ಮೇಲೆ ಪ್ರಶ್ನೆ ಕೊಟ್ಟು ಅಂಕ ಹಾಕುತ್ತಿದ್ದಳು. ಆ ಸೂತ್ರ ತಾನು ನಿಂತ ನೆಲಕ್ಕೂ ಅನ್ವಯಿಸುತ್ತದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಪುಸ್ತಕದ ಬದನೆಕಾಯಿ ಎಂದರೆ ಇದೇ.

ಸುಗತ ಕೋಷ್ಟಕವನ್ನು ನೋಡುತ್ತಿದ್ದರು. ಅವರು ನಡುವಿನಿಂದ ಓದುವ ಜಾತಿ. "ಆರೇ ರೀಡಿಂಗ್ ತಗೊಂಡಿದ್ದಾ?"

"ಇಪ್ಪತ್ತು ಸರ್."

"ಉಳಿದದ್ದು?"

"ತೆಗೆದುಬಿಟ್ಟೆ ಸರ್."

"ಯಾಕೆ?"

ನಗು ನಿಂತಿತು. ಅಂಬ್ರೀನ್ ಕತ್ತೆತ್ತಿ ಮೂರನೇ ಸಾಲಿನ ಕಡೆ ನೋಡಿದಳು. ದೂರುವ ನೋಟವಲ್ಲ ಅದು. ಮ್ಯಾಮ್ ಈಗ ಎದ್ದು ಹೇಳುತ್ತಾರೆ ಎಂದು ಕಾಯುವ ನೋಟ. ಯಮುನಾ ಏಳಬೇಕಿತ್ತು. 'ನಾನು ತೆಗೆಸಿದ್ದು' ಎಂಬ ಎರಡೇ ಮಾತು. ಸುತ್ತ ಹತ್ತಾರು ಕಾಲೇಜುಗಳ ಲೆಕ್ಚರರುಗಳಿದ್ದರು. ಅವಳು ಬ್ಯಾಗಿನ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು.

"ಸಾರಿ ಸರ್," ಎಂದಳು ಅಂಬ್ರೀನ್.

"ತಪ್ಪು ಅಳತೆ ತಂದ್ರೆ ನಾನು ಬೇಜಾರು ಮಾಡ್ಕೊಳ್ಳಲ್ಲ. ಸುಳ್ಳು ಅಳತೆ ತಂದೋರನ್ನ ನನ್ನ ಲ್ಯಾಬಿಗೆ ಸೇರಿಸಲ್ಲ. ನೆಕ್ಸ್ಟ್."

ಚಾಂದ್ ಪಾಷಾ ಬಗ್ಗಿ ಮೆಲ್ಲಗೆ ಕೇಳಿದರು. "ಯಾಕೆ ಮೇಡಮ್ ನಕ್ಕಿದ್ದು? ಸುಳ್ಳು ಅಂದ್ರಲ್ಲ, ಏನದು?"

ಆಗಲೂ ಹೇಳಬಹುದಿತ್ತು. ಅವಳ ಬಾಯಿಂದ ಬಂದದ್ದು ಬೇರೆ. "ಏನಿಲ್ಲ ಸರ್. ಅಂಬ್ರೀನ್ ಸ್ವಲ್ಪ ಅವಸರ ಮಾಡ್ಬಿಟ್ಟಳು."

ಮನೆಗೆ ಹೋಗುವ ಮೆಟ್ರೋದಲ್ಲಿ ಯಮುನಾಳಿಗೆ ಆ ಕೊನೆಯ ವಾಕ್ಯ ಗಂಟಲಲ್ಲಿ ಮೀನಿನ ಮುಳ್ಳಾಗಿ ನಿಂತಿತು. ಎದ್ದು ನಿಲ್ಲದಿದ್ದುದಕ್ಕೆ ಹೆದರಿಕೆ ಎಂಬ ನೆಪವಾದರೂ ಇತ್ತು. ಈ ಮಾತಿಗೆ ಏನೂ ಇರಲಿಲ್ಲ. ಯಾರೂ ಒತ್ತಾಯಿಸದೆಯೇ ಹುಡುಗಿಯ ತಲೆಗೆ ತಪ್ಪು ಕಟ್ಟಿದ್ದಳು, ಅದೂ ಹೆತ್ತ ತಂದೆಯ ಎದುರು.

ಅಂಬ್ರೀನ್ ಮರುದಿನ ಕ್ಲಾಸಿಗೆ ಬಂದಳು. ಎಂದಿನಂತೆ ಮುಂದಿನ ಬೆಂಚು, ಎಂದಿನಂತೆ "ಗುಡ್ ಮಾರ್ನಿಂಗ್ ಮ್ಯಾಮ್". ಏನೂ ಕೇಳಲಿಲ್ಲ. ಮೆಟ್ಟಿಲಿನ ತಂತಿ ಬಿಚ್ಚಿ ಸುರುಳಿ ಸುತ್ತಿ ಸ್ಟೋರಿಗೆ ಒಪ್ಪಿಸಿದ್ದಳು. ಮುಖ ತಿರುಗಿಸಿದ್ದರೆ, ಒಂದು ಬಿರುಸು ಮಾತಾಡಿದ್ದರೆ ಯಮುನಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಹಾಜರಿ ಕರೆಯುವಾಗ ಆ ಹೆಸರು ಬಂದರೆ ಅವಳಿಗೆ ಕಣ್ಣೆತ್ತುವುದಕ್ಕೆ ಆಗುತ್ತಿರಲಿಲ್ಲ. ಮೊದಲ ವರ್ಷದವರಿಗೆ ಅದೇ ವಾರ ಜಿ ಹೇಗೆ ಊರಿಂದೂರಿಗೆ ಬದಲಾಗುತ್ತದೆ ಎಂಬ ಪಾಠ ಬಂತು. ಬೋರ್ಡಿನ ಮೇಲೆ ಮೊದಲ ಸಲ ಬೆಂಗಳೂರಿನ ಲೆಕ್ಕ ಹಾಕಿದಳು. 9.78 ಬಂತು. ಹುಡುಗಿಯರು ಏನೂ ಆಗದವರ ಹಾಗೆ ಬರೆದುಕೊಂಡರು.

ಶನಿವಾರ ಸಂಜೆ ಅವಳು ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ನಡೆದಳು. ಸುಗತ ಅವರಿಗಿಂತ ಚಾಂದ್ ಪಾಷಾರಿಗೆ ಹೇಳುವುದು ಸುಲಭ ಎಂಬ ಲೆಕ್ಕಾಚಾರ ಒಳಗೊಳಗೇ ಇತ್ತು. ಅಂಗಡಿಯಲ್ಲಿ ಅಂಬ್ರೀನ್ ಕೂಡ ಇದ್ದಳು, ಗಿರಾಕಿಗಳ ಮಿಕ್ಸಿ ಜಾರುಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಚಾಂದ್ ಪಾಷಾ ಗಾಬರಿಯಿಂದ ಎದ್ದು, ಸ್ಟೂಲು ಒರೆಸಿ ಹಾಕಿ, ಎದುರಿನ ಹೋಟೆಲಿಗೆ ಟೀಗೆ ಕೂಗಿದರು.

ಯಮುನಾ ಕೂರಲಿಲ್ಲ. "ಸರ್, ಅವತ್ತಿನ ತಪ್ಪು ಅಂಬ್ರೀನ್‌ದಲ್ಲ. ಅವಳಿಗೆ ಸರಿಯಾದ ಉತ್ತರಾನೇ ಬಂದಿತ್ತು. ನಾನೇ ಬದಲಾಯಿಸು ಅಂದೆ. ನಿಮ್ಮ ಹತ್ರ ಸುಳ್ಳು ಹೇಳಿದ್ದೂ ನಾನೇ."

ಚಾಂದ್ ಪಾಷಾ ಅವಳನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಕಣ್ಣು ತುಂಬಿತು.

"ನೋಡಿದ್ಯಾ ಬೇಟಾ?" ಎಂದು ಮಗಳ ಕಡೆ ತಿರುಗಿದರು. "ಮೇಡಮ್ ನಿನ್ನ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಾ ಇದ್ದಾರೆ. ಇವರ ಮೇಲೆ ನೀನು ಏನಂದೆ?" ಮತ್ತೆ ಯಮುನಾಳಿಗೆ, "ಅವತ್ತು ಮನೆಗೆ ಬಂದು 'ಮ್ಯಾಮ್ ಹೇಳಿದ್ಕೇ ಮಾಡ್ದೆ' ಅಂದ್ಳು ಮೇಡಮ್. ಕಲಿಸಿದೋರ ಮೇಲೆ ದೂರು ಹೇಳ್ತೀಯಾ ಅಂತ ಬೈದೆ. ಅವತ್ತಿಂದ ಅವಳ ಜೊತೆ ಮಾತಾಡಿಲ್ಲ. ಇವತ್ತು ನೀವು ಬಂದಿದ್ದಕ್ಕೇ ನಾನು ಬಾಯಿ ಬಿಟ್ಟಿದ್ದು. ಅಂಬ್ರೀನ್, ಸಾರಿ ಹೇಳು ಮೇಡಮ್‌ಗೆ."

ಅಂಬ್ರೀನ್ ಕೈಯಲ್ಲಿದ್ದ ಜಾರನ್ನು ಕೆಳಗಿಟ್ಟಳು. "ಸಾರಿ ಮ್ಯಾಮ್," ಎಂದಳು. ಸ್ಪರ್ಧೆಯಲ್ಲಿ ಸುಗತ ಅವರಿಗೆ ಹೇಳಿದ್ದ ಅದೇ ದನಿ.

ಭೂಮಿ ಬಾಯಿಬಿಡಬಾರದೇ ಎಂದು ಹಿರಿಯರು ಹೇಳುತ್ತಿದ್ದುದು ಯಾಕೆಂದು ಯಮುನಾಳಿಗೆ ಆಗ ತಿಳಿಯಿತು. ಹುಡುಗಿ ಕಂಡದ್ದನ್ನು ಕಂಡಂತೆ ಹೇಳಿದ್ದಳು, ಕಾಲೇಜಿನಲ್ಲೊಮ್ಮೆ, ಮನೆಯಲ್ಲೊಮ್ಮೆ. ಎರಡು ಕಡೆಯೂ ಕೇಳುವವರಿರಲಿಲ್ಲ. ತನಗಾದರೋ ಇಲ್ಲಿ ಸ್ಟೂಲು, ಟೀ, ಮರ್ಯಾದೆ. ಮೂಲೆಯ ಗಲ್ಲಿಯಲ್ಲಿ ಮೆಲುದನಿಯಲ್ಲಿ ಒಪ್ಪಿಕೊಂಡರೆ ಸಾಲದು ಎಂದು ಅವಳಿಗೆ ಅರ್ಥವಾಯಿತು. ಫೋನ್ ತೆಗೆದು, ಸ್ಪರ್ಧೆಯ ಸುತ್ತೋಲೆಯಲ್ಲಿದ್ದ ಸುಗತ ಅವರ ನಂಬರಿಗೆ ಕರೆ ಮಾಡಿ, ಸ್ಪೀಕರ್ ಒತ್ತಿ, ಮಿಕ್ಸಿಗಳ ನಡುವೆ ಇಟ್ಟಳು.

ಹೆಸರು, ಕಾಲೇಜು ಹೇಳಿದಳು. "ಸರ್, ಶಿವಾಜಿನಗರದ ಆ ಹುಡುಗಿಗೆ 9.78 ಬಂದಿತ್ತು. ಹದಿನಾಲ್ಕು ರೀಡಿಂಗ್ ತೆಗಿ ಅಂದಿದ್ದು ನಾನು. ಬೆಂಗಳೂರಿನ ವ್ಯಾಲ್ಯೂ ನಂಗೇ ಗೊತ್ತಿರ್ಲಿಲ್ಲ. ಅವಳು ಆಗಲ್ಲ ಅಂದ್ಳು, ನಾನೇ ಬಿಡ್ಲಿಲ್ಲ."

ಗಲ್ಲಿಯಲ್ಲಿ ಆಟೋವೊಂದು ಹಾರ್ನ್ ಹೊಡೆದು ಹೋಯಿತು.

"ಸೀಟು ಬೇರೆಯವರಿಗೆ ಕೊಟ್ಟಾಯ್ತು," ಎಂದರು ಸುಗತ. "ಇಪ್ಪತ್ತೂ ರೀಡಿಂಗ್ ಕಳಿಸೋಕೆ ಹೇಳಿ ಆ ಹುಡುಗಿಗೆ, ನಾನು ನೋಡ್ತೀನಿ. ಮಾತು ಮಾತ್ರ ಕೊಡಲ್ಲ. ಒಂದು ಕೇಳ್ತೀನಿ. ನಾನು ಯಾಕೆ ಅಂತ ಅವಳನ್ನ ಕೇಳಿದಾಗ ನೀವೆಲ್ಲಿದ್ರಿ?"

"ಅಲ್ಲೇ ಇದ್ದೆ ಸರ್. ಮೂರನೇ ಸಾಲಲ್ಲಿ."

ಫೋನ್ ಕಟ್ಟಾಯಿತು. ಹೋಟೆಲಿನವನು ಟೀ ತಂದು ಕಟ್ಟೆಯ ಮೇಲಿಟ್ಟು ಹೋದ. ಯಾರೂ ಮುಟ್ಟಲಿಲ್ಲ. ಚಾಂದ್ ಪಾಷಾ ಮಗಳ ಹತ್ತಿರ ಹೋಗಿ ತಲೆಯ ಮೇಲೆ ಕೈಯಿಟ್ಟು "ಮಾಫ್ ಕರ್ ಬೇಟಾ" ಎಂದರು. ಅಲ್ಲಿಯವರೆಗೆ ಒಂದು ಹನಿಯನ್ನೂ ಹಾಕದಿದ್ದ ಅಂಬ್ರೀನ್ ಅಪ್ಪನ ಶರ್ಟು ಹಿಡಿದು ಬಿಕ್ಕಿದಳು.

ಅವರು ತುಂಬ ಹೊತ್ತಿನ ಮೇಲೆ ಯಮುನಾಳ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ನನ್ನ ಪಕ್ಕದಲ್ಲೇ ಕೂತಿದ್ರಲ್ಲಾ ಮೇಡಮ್," ಎಂದರು.