ರೈನೊನ ಮೀನಿಗೆ ಬಂದ ಅಪವಾದ

ಮಾರ್ಚ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಆರು ಗಂಟೆ. ಉತ್ತರ ಮಿನ್ನೆಸೋಟದ ಲೂನ್ ಕ್ರೀಕ್ ಊರಿನಲ್ಲಿ ಹತ್ತೊಂಬತ್ತು ಮಂದಿಗೆ ಹೊಟ್ಟೆನುಲಿತ, ಭೇದಿ. ಎಲ್ಲರೂ ಹಿಂದಿನ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಒಟ್ಟಿಗೆ ಉಂಡವರು.

ಒಂಬತ್ತು ಗಂಟೆಯೊಳಗೆ ಊರು ತೀರ್ಪು ಕೊಟ್ಟಾಗಿತ್ತು: ರೈನೊ ಸಲ್ಮೆಲಾ ಹೊಗೆಯಲ್ಲಿ ಬೇಯಿಸಿ ತಂದಿದ್ದ ಮೀನೇ ಕಾರಣ. ನಲವತ್ತು ವರ್ಷದಿಂದ ಚರ್ಚಿನ ಪ್ರತಿ ಊಟಕ್ಕೂ ಮೀನು ಅವನದೇ. ಯಾರೂ ಬೈಯಲಿಲ್ಲ, ಅಲ್ಲಿನವರು ಬೈಯುವವರಲ್ಲ. ಊಟದ ಉಸ್ತುವಾರಿ ಹೊತ್ತ ಮಾರ್ಲಿಸ್, ತಾನೂ ಹೊಟ್ಟೆ ಹಿಡಿದುಕೊಂಡೇ, ರೈನೊನ ಹೆಂಡತಿ ಐಲಿಗೆ ಫೋನ್ ಮಾಡಿದಳು.

"ಈಸ್ಟರ್ ಊಟಕ್ಕೆ ಮೀನು ಬೇಡ ಅಂದ್ಕೊಂಡಿದ್ದೀವಿ ಐಲಿ. ರೈನೊಗೂ ವಯಸ್ಸಾಯ್ತಲ್ಲ, ಪಾಪ."

ಸುದ್ದಿ ಕೇಳಿದ ರೈನೊ ಹಿತ್ತಲಿಗೆ ಹೋಗಿ, ಮೀನಿಗೆ ಹೊಗೆ ಹಾಕುವ ಒಲೆಯ ಕೆಂಡಕ್ಕೆ ನೀರು ಸುರಿದು, ಮೆಟ್ಟಿಲ ಮೇಲೆ ಕೂತ. ಐಲಿ ಕಾಫಿ ತಂದು ಕೈಗಿತ್ತು, ಅವನ ಟೋಪಿಯನ್ನು ಕಿವಿಯವರೆಗೆ ಎಳೆದಳು.

"ನನ್ನ ಕೈಯಿಂದಲೇ ಆಗಿದ್ರೆ?" ಎಂದ.

"ನಿನ್ನ ಮೀನು ನಾನೂ ತಿಂದಿದ್ದೀನಿ. ರಾತ್ರಿ ನಿನ್ನ ಗೊರಕೆ ಬಿಟ್ರೆ ನಂಗೆ ಯಾವ ತೊಂದ್ರೆನೂ ಆಗ್ಲಿಲ್ಲ."

ಅವನು ನಗಲಿಲ್ಲ. ಐಲಿ ಒಂದು ಹಾಳೆ, ಪೆನ್ಸಿಲ್ ಹಿಡಿದು ಹೊರಟಳು.

ಉಂಡವರು ಒಟ್ಟು ನಲವತ್ತೆರಡು ಮಂದಿ. ಎಲ್ಲ ಬಾಗಿಲಲ್ಲೂ ಅವಳದು ಒಂದೇ ಪ್ರಶ್ನೆ: "ಯಾರದು ತಪ್ಪು ಅಂತ ಹೇಳ್ಬೇಡಿ. ಏನೇನು ತಿಂದ್ರಿ, ಅಷ್ಟು ಹೇಳಿ."

ಮಂಗಳವಾರ ಮಧ್ಯಾಹ್ನ ಹಾಳೆ ತುಂಬಿತು. ಕಾಯಿಲೆ ಬಿದ್ದವರಲ್ಲಿ ಆರು ಮಂದಿ ಮೀನನ್ನು ಮುಟ್ಟಿರಲೇ ಇಲ್ಲ. ಮೂರು ತುಂಡು ಮೀನು ತಿಂದ ಪಾದ್ರಿ ಗಟ್ಟಿಮುಟ್ಟಾಗಿದ್ದರು. ಆದರೆ ಆ ಹತ್ತೊಂಬತ್ತು ಮಂದಿಯೂ ಮಾಂಸದುಂಡೆಯ ಮೇಲೆ ಗ್ರೇವಿ ಹಾಕಿಸಿಕೊಂಡಿದ್ದರು. ಗ್ರೇವಿ ಮಾಡಿದವಳು ಮಾರ್ಲಿಸ್.

ಹಾಳೆ ನೋಡಿದ ಸರ್ಕಾರಿ ನರ್ಸ್ ಕೊಲೀನ್, "ನನ್ನ ಕೆಲಸ ಅರ್ಧ ಮುಗಿಸ್ಬಿಟ್ಟೆ ನೀನು" ಎಂದಳು. ಇಬ್ಬರೂ ಮಾರ್ಲಿಸಳ ಅಡುಗೆಮನೆಗೆ ಹೋದರು.

"ನನ್ನ ಗ್ರೇವಿನಾ? ಶನಿವಾರ ಮಾಡಿ ಗ್ಯಾರೇಜಲ್ಲಿ ಇಟ್ಟಿದ್ದೆ. ಹೊರಗೆ ಹಿಮ! ಚಳಿಗಾಲದಲ್ಲಿ ಈ ಊರಲ್ಲಿ ಎಲ್ರಿಗೂ ಗ್ಯಾರೇಜೇ ಫ್ರಿಜ್ಜು."

"ಯಾವ ಪಾತ್ರೆಲಿ?" ಕೊಲೀನ್ ಕೇಳಿದಳು.

"ಅದೇ ದೊಡ್ಡದ್ರಲ್ಲಿ. ಇಲಿ ಬೀಳದಿರ್ಲಿ ಅಂತ ಮುಚ್ಚಿ, ಮೇಲೆ ಕಂಬಳಿ ಹಾಕಿದ್ದೆ."

"ಗ್ರೇವಿಗೂ ಕಂಬಳಿ ಹೊದಿಸಿ ಮಲಗಿಸಿದ್ಯಾ ತಾಯಿ! ಅಷ್ಟು ದೊಡ್ಡ ಪಾತ್ರೆ ನಡುಭಾಗ ಬೆಳಗಿನವರೆಗೂ ಬೆಚ್ಚಗೇ ಇರುತ್ತೆ. ಮೊದಲ ಸಲ ಕುದಿಸಿದಾಗ ಬೀಜದ ಥರ ಉಳಿಯೋ ರೋಗಾಣು ಅದ್ರಲ್ಲಿ ಮೊಳೆತು ಬೆಳೆಯುತ್ತೆ, ಮತ್ತೆ ಕುದಿಸಿದ್ರೇನೇ ಸಾಯೋದು. ವಾಸನೆ ಬದಲಾಗಲ್ಲ, ರುಚಿ ಕೆಡಲ್ಲ. ಬಡಿಸೋ ಮುಂಚೆ ಕುದಿಸಿದ್ಯಾ?"

"ಬೆಚ್ಚಗೆ ಮಾಡ್ದೆ. ಅಡಿ ಹಿಡಿಯುತ್ತಲ್ಲ..." ಮಾರ್ಲಿಸಳ ದನಿ ಇಳಿಯಿತು. "ಮಾಡಿದ್ದು ನಾನು. ಹೆಸರು ಕೆಟ್ಟಿದ್ದು ರೈನೊದು."

ಐಲಿ ಅವಳ ಕೈ ಹಿಡಿದಳು. "ಗೊತ್ತಿಲ್ದೆ ಆಗಿದ್ದು. ನಮ್ಮ ಗ್ಯಾರೇಜಲ್ಲೂ ಇಂಥದೇ ಪಾತ್ರೆ ಕೂತಿರುತ್ತೆ. ಆದ್ರೆ ನನ್ನ ಗಂಡ ಎರಡು ದಿನದಿಂದ ಯಾರ ಮುಖನೂ ನೋಡ್ತಿಲ್ಲ ಮಾರ್ಲಿಸ್. ಅದೊಂದನ್ನ ಸರಿ ಮಾಡಿಕೊಡು."

ಉಳಿದಿದ್ದ ಗ್ರೇವಿಯನ್ನು ಕೊಲೀನ್ ಪರೀಕ್ಷೆಗೆ ಕಳಿಸಿದಳು. ಶುಕ್ರವಾರ ವರದಿ ಬಂತು. ರೋಗಾಣು ಇದ್ದದ್ದು ಅದರಲ್ಲೇ.

ನೀವೂ ಹಬ್ಬಕ್ಕೆ, ಸಭೆಗೆ, ನಾಲ್ಕು ಮನೆಯವರಿಗೆ ಸೇರಿಸಿ ಅಡುಗೆ ಮಾಡುವವರೇ ಅಲ್ಲವೇ? ಹೊರಗೆ ಎಷ್ಟೇ ಚಳಿಯಿರಲಿ, ಉಳಿಸಿಡುವ ಅಡುಗೆಯನ್ನು ದೊಡ್ಡ ಪಾತ್ರೆಯಲ್ಲೇ ಆರಲು ಬಿಡಬೇಡಿ. ಎರಡು ಅಂಗುಲಕ್ಕಿಂತ ಆಳವಾಗದಂತೆ ಅಗಲ ತಟ್ಟೆಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮತ್ತೆ ಬಡಿಸುವ ಮುನ್ನ ಚೆನ್ನಾಗಿ ಕುದಿಸಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ, ಅಡುಗೆಯವರತ್ತ ಬೆರಳು ತೋರುವ ಮೊದಲು ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ.

ಆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮಾರ್ಲಿಸ್ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಈಸ್ಟರ್ ಊಟಕ್ಕೆ ರೈನೊ ಹದಿನಾಲ್ಕು ಮೀನು ತಂದ.